ಎರಡನೆಯ ಹಲಗೆ

ಈಜಿಪ್ಟ್ ದೇಶದ ಫಯೂಮ್ ಎಂಬ ಪ್ರಾಂತದಲ್ಲಿ, ಮರಳು ಮುಚ್ಚಿಕೊಂಡಿದ್ದ ಹಳೆಯ ಹಳ್ಳಿಗಳಿಂದ, 19ನೆಯ ಶತಮಾನದ ಕೊನೆಯ ಭಾಗದಿಂದೀಚೆಗೆ ಸಾವಿರಾರು ಪಪೈರಸ್ ಹಾಳೆಗಳು ದೊರೆತಿವೆ. ಸಾಲಪತ್ರ, ಕಂದಾಯದ ರಸೀತಿ, ಮಗ ತಂದೆಗೆ ಬರೆದ ಕಾಗದ, ನೆರೆಯವನ ಮೇಲಿನ ದೂರು, ಹೀಗೆ ಒಂದು ನಾಡಿನ ದಿನನಿತ್ಯದ ಬಾಳೆಲ್ಲ ಅವುಗಳಲ್ಲಿದೆ. ಆ ರಾಶಿಯಲ್ಲಿ 40ಕ್ಕೂ ಮಿಕ್ಕಿದ ಹಾಳೆಗಳು ಒಂದೇ ಅಚ್ಚಿನಲ್ಲಿ ಒತ್ತಿದಂತೆ ಒಂದನ್ನೊಂದು ಹೋಲುತ್ತವೆ. ಎಲ್ಲವೂ ಕ್ರಿ.ಶ. 250ನೆಯ ವರ್ಷದವು. ಒಂದನ್ನು ಉದಾಹರಿಸುತ್ತೇನೆ. ಅಲೆಕ್ಸಾಂಡರನ ದ್ವೀಪ ಎಂಬ ಹಳ್ಳಿಯ ಔರೇಲಿಯಸ್ ಡಯೋಜಿನಿಸ್, ವಯಸ್ಸು 72, ಬಲ ಹುಬ್ಬಿನ ಮೇಲೆ ಗಾಯದ ಗುರುತು. ಈತ ಬಲಿಯ ಮೇಲ್ವಿಚಾರಣೆಗೆ ನೇಮಕವಾದ ಅಧಿಕಾರಿಗಳಲ್ಲಿ ಅರಿಕೆ ಮಾಡಿಕೊಳ್ಳುತ್ತಾನೆ: ತಾನು ಸದಾಕಾಲವೂ ದೇವತೆಗಳಿಗೆ ಬಲಿ ಅರ್ಪಿಸುತ್ತ ಬಂದವನೆಂದೂ, ಈಗ ಅವರ ಸಮಕ್ಷಮದಲ್ಲಿಯೂ ಬಲಿ ಕೊಟ್ಟು, ಪಾನವನ್ನು ಧಾರೆಯೆರೆದು, ಅರ್ಪಿಸಿದ್ದನ್ನು ಉಂಡಿರುವುದಾಗಿಯೂ, ಇದನ್ನು ದೃಢಪಡಿಸಿ ರುಜು ಹಾಕಿಕೊಡಬೇಕೆಂದೂ. ಕೆಳಗೆ ಸಾಕ್ಷಿಯ ರುಜುವೂ ತಾರೀಖೂ ಇವೆ. ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿಳಿದವರಿಗೆ ಈ ಬರವಣಿಗೆಯ ಧಾಟಿ ಅಪರಿಚಿತವಾಗಿ ತೋರಲಾರದು.

ರೋಮಿನ ಚಕ್ರವರ್ತಿಯಾಗಿ 249ರಲ್ಲಿ ಪಟ್ಟಕ್ಕೆ ಬಂದ ಡೀಸಿಯಸ್ ಹೊರಡಿಸಿದ ಆಜ್ಞೆಯ ಫಲ ಈ ಚೀಟಿಗಳು. ಸಾಮ್ರಾಜ್ಯದ ಪ್ರಜೆಗಳೆಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ ಸರ್ಕಾರದ ಪ್ರಮಾಣಪತ್ರ ಪಡೆಯಬೇಕು. ಆಜ್ಞೆ ಕ್ರೈಸ್ತರನ್ನು ಹೆಸರಿಸಿ ಹೊರಟಿದ್ದಂತೆ ಕಾಣುವುದಿಲ್ಲ. ಮೊಸಳೆ ದೇವತೆಯ ಪೂಜಾರಿಣಿಯೊಬ್ಬಳು ಕೂಡ ಇಂಥದೇ ಚೀಟಿ ಪಡೆದಿದ್ದಾಳೆ. ಆದರೆ ಪೂಜಾರಿಣಿಗೆ ಇದು ಅರ್ಧ ಗಂಟೆಯ ಕೆಲಸ. ಬೇರೆ ದೇವತೆಗಳ ಮುಂದೆ ಒಂದು ಚಿಟಿಕೆ ಧೂಪ ಹಾಕುವುದೂ ಕ್ರಿಸ್ತನನ್ನು ಅಲ್ಲಗಳೆದಂತೆ ಎಂದು ನಂಬಿದವರಿಗೆ ಅದು ಪ್ರಾಣಸಂಕಟ.

ಪ್ರಾಣ ಕೊಟ್ಟವರ ಕಥೆಯನ್ನು ಚರಿತ್ರೆ ಆದರದಿಂದ ಕಾಪಾಡಿಕೊಂಡು ಬಂದಿದೆ. ನಾನು ಇಲ್ಲಿ ಹೇಳಹೊರಟಿರುವುದು ಅವರ ವಿಚಾರವಲ್ಲ, ಧೂಪ ಹಾಕಿದವರ ವಿಚಾರ. ಅವರು ಬಹುಮಂದಿ. ಭಯ ಇಳಿದ ಮೇಲೆ ಅವರೆಲ್ಲ ಚರ್ಚಿನ ಬಾಗಿಲಿಗೆ ಬಂದು ನಿಂತರು. ಮತ್ತೆ ಒಳಗೆ ಸೇರಿಸಿಕೊಳ್ಳಿ ಎಂದು ಬೇಡಿದರು. ಒಳಗಿದ್ದವರಿಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಪಾಪಕ್ಷಮೆಯನ್ನು ಕುರಿತು ಕ್ರೈಸ್ತಧರ್ಮ ಮುಂದಿನ ನೂರಾರು ವರ್ಷ ನಡೆಸಿದ ವಿಚಾರಕ್ಕೆಲ್ಲ ಈ ಬಾಗಿಲ ಮುಂದಿನ ಗುಂಪೇ ಮೂಲ ಎಂದು ನನಗೆ ತೋರುತ್ತದೆ.

ಏಕೆ ತಿಳಿಯಲಿಲ್ಲ ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಕ್ಷಮೆಯ ಭರವಸೆ ಈ ಧರ್ಮದ ಅಡಿಗಲ್ಲಿನಲ್ಲಿಯೇ ಇದೆ. ಯೆಹೂದ್ಯ ಪ್ರವಾದಿಗಳು ಬಳಸಿದ ಹೀಬ್ರೂ ಮಾತಿಗೆ 'ಹಿಂದಿರುಗುವುದು' ಎಂಬುದೇ ಅರ್ಥ: ದಾರಿ ತಪ್ಪಿದವನು ತಿರುಗಿ ಮನೆಯ ಕಡೆ ಹೆಜ್ಜೆ ಹಾಕುವುದು. ಸುವಾರ್ತೆಗಳನ್ನು ಬರೆದವರು ಗ್ರೀಕಿನಲ್ಲಿ ಇದಕ್ಕೆ 'ಮೆಟನೋಯಿಯ' ಎಂಬ ಪದವನ್ನು ಆರಿಸಿಕೊಂಡರು. ಮನಸ್ಸು ಬೇರೆಯಾಗುವುದು ಎಂದು ಅದರ ಭಾವ. ಲೂಕನು ಹೇಳುವ ದುಂದುಗಾರ ಮಗನ ಸಾಮ್ಯ ಎಲ್ಲರಿಗೂ ಗೊತ್ತು. ಆ ಕಥೆಯಲ್ಲಿ ಮಗ ತಾನು ಕಟ್ಟಿಕೊಂಡು ಬಂದ ಕ್ಷಮಾಯಾಚನೆಯ ಮಾತನ್ನು ಪೂರ್ತಿ ಆಡಿ ಮುಗಿಸುವುದಕ್ಕೆ ತಂದೆ ಬಿಡುವುದಿಲ್ಲ. ಇನ್ನು ಶಿಷ್ಯರಲ್ಲಿ ಮೊದಲಿಗನಾದ ಪೇತ್ರನೇ ಗುರುವನ್ನು ಒಂದು ರಾತ್ರಿಯಲ್ಲಿ ಮೂರು ಸಲ ಅರಿಯೆನೆಂದವನು.

ಆದರೂ ಒಂದು ತೊಡಕಿತ್ತು. ದೀಕ್ಷಾಸ್ನಾನ ಹಿಂದಿನ ಪಾಪಗಳನ್ನೆಲ್ಲ ತೊಳೆಯುತ್ತದೆ, ಸರಿ. ಸ್ನಾನವಾದ ಮೇಲೆ ಮಾಡಿದ ಪಾಪಕ್ಕೆ ಏನು ಗತಿ? ಹೀಬ್ರೂಗಳಿಗೆ ಬರೆದ ಪತ್ರಿಕೆಯಲ್ಲಿ, ಬೆಳಕನ್ನು ಕಂಡ ಮೇಲೆ ಬಿದ್ದವರನ್ನು ಮತ್ತೆ ಎಬ್ಬಿಸುವುದು ಅಸಾಧ್ಯವೆಂಬ ಕಠಿಣವಾದ ಮಾತು ಇದೆ. ಎರಡನೆಯ ಶತಮಾನದಲ್ಲಿ ರೋಮಿನ ಹೆರ್ಮಾಸ್ ಎಂಬಾತ ತನಗಾದ ದರ್ಶನಗಳನ್ನು ಬರೆದಿಟ್ಟು, ಇನ್ನೊಂದೇ ಒಂದು ಅವಕಾಶ ಉಂಟು ಎಂದು ಸಾರಿದ. ಕಾರ್ಥೇಜಿನ ತೆರ್ತುಲಿಯನ್ ಈ ವಿಚಾರಕ್ಕೆ ಒಡೆದ ಹಡಗಿನ ಉಪಮೆ ಕೊಟ್ಟ: ಹಡಗು ಮುಳುಗಿದವನು ಕೈಗೆ ಸಿಕ್ಕಿದ ಹಲಗೆಯನ್ನು ಅಪ್ಪಿಕೊಳ್ಳುವಂತೆ ಪಾಪಿ ಪಶ್ಚಾತ್ತಾಪವನ್ನು ಅಪ್ಪಿಕೊಳ್ಳಬೇಕು. ಮುಂದಿನವರು ಅದನ್ನೇ 'ಎರಡನೆಯ ಹಲಗೆ' ಎಂದು ಕರೆದರು. ಮೊದಲನೆಯದು ದೀಕ್ಷಾಸ್ನಾನ, ಅದು ಕೈ ತಪ್ಪಿದವನಿಗೆ ಇದು. ಮೂರನೆಯ ಹಲಗೆಯ ಮಾತನ್ನು ಯಾರೂ ಆಡಲಿಲ್ಲ. ತೆರ್ತುಲಿಯನ್ನನೇ ಮುದಿತನದತ್ತ ಸಾಗಿದಂತೆ ಉಗ್ರಪಂಥದ ಕಡೆಗೆ ಸರಿದು, ವ್ಯಭಿಚಾರಕ್ಕೂ ಕ್ಷಮೆ ಉಂಟೆಂದು ಸಾರಿದ ಬಿಷಪರೊಬ್ಬರನ್ನು ವ್ಯಂಗ್ಯದಿಂದ ಸೀಳಿಹಾಕಿದ. ಹಲಗೆಯ ಉಪಮೆ ಕೊಟ್ಟವನೇ ಹಲಗೆಯನ್ನು ಕಿತ್ತುಕೊಂಡನಲ್ಲ ಎಂದು ಖೇದವಾಗುತ್ತದೆ.

ಡೀಸಿಯಸನ ಆಜ್ಞೆ ಬಂದಾಗ ಕಾರ್ಥೇಜಿನ ಬಿಷಪರಾಗಿದ್ದವರು ಸಿಪ್ರಿಯನ್. ಶ್ರೀಮಂತರು, ಅಲಂಕಾರಶಾಸ್ತ್ರದ ಆಚಾರ್ಯರು. ಕ್ರೈಸ್ತರಾಗಿ ನಾಲ್ಕೈದು ವರ್ಷವೂ ಆಗಿರಲಿಲ್ಲ. ಅವರು ಊರು ಬಿಟ್ಟು ಅಡಗಿಕೊಂಡು, ಅಲ್ಲಿಂದಲೇ ಕಾಗದಗಳ ಮೂಲಕ ತಮ್ಮ ಜನರನ್ನು ನಡೆಸಿದರು. ಮಂದೆಯನ್ನು ಬಿಟ್ಟು ಓಡಿದ ಕುರುಬ ಎಂಬ ನಿಂದೆ ಬಂದಿತು. ಅವರು 251ರಲ್ಲಿ ಹಿಂದಿರುಗಿ, 'ಬಿದ್ದವರನ್ನು ಕುರಿತು' ಎಂಬ ಪ್ರಬಂಧವನ್ನು ಬರೆದರು. ಅದರಲ್ಲಿ ಅವರು ಬಣ್ಣಿಸುವ ನೋಟ ಮನಸ್ಸನ್ನು ಕಲಕುತ್ತದೆ. ಯಾರೂ ಹಿಡಿದೆಳೆಯುವ ಮೊದಲೇ ಜನ ತಾವಾಗಿ ನಗರದ ದೇವಾಲಯಕ್ಕೆ ಓಡಿದರಂತೆ. ಸಂಜೆಯಾಯಿತು, ನಾಳೆ ಬನ್ನಿ ಎಂದು ಅಧಿಕಾರಿಗಳು ಹೇಳಿದರೆ, ಇಂದೇ ಮುಗಿಸಿಬಿಡಿ ಎಂದು ಕೈಮುಗಿದು ಬೇಡಿಕೊಂಡವರೂ ಇದ್ದರಂತೆ. ಕೆಲವರು ಕೈಗೂಸುಗಳನ್ನೂ ಎತ್ತಿಕೊಂಡು ಹೋದರು.

ಬಿದ್ದವರೆಲ್ಲರ ಬೀಳುವಿಕೆಯೂ ಒಂದೇ ಬಗೆಯದಾಗಿರಲಿಲ್ಲ. ನಿಜವಾಗಿ ಬಲಿ ಕೊಟ್ಟು ಅದರ ಮಾಂಸ ಉಂಡವರು ಒಂದು ಗುಂಪು, ಧೂಪವನ್ನಷ್ಟೇ ಹಾಕಿದವರು ಇನ್ನೊಂದು. ಮೂರನೆಯ ಗುಂಪಿನವರು ಜಾಣರು: ಅಧಿಕಾರಿಗೆ ಲಂಚ ಕೊಟ್ಟು, ಬಲಿಪೀಠದ ಹತ್ತಿರಕ್ಕೂ ಹೋಗದೆ, ಚೀಟಿಯನ್ನು ಮಾತ್ರ ಕೊಂಡುಕೊಂಡವರು. ನಾವು ಕೈಯಿಂದ ಏನೂ ಮಾಡಿಲ್ಲ, ಬಾಯಿಂದ ಏನೂ ಹೇಳಿಲ್ಲ, ನಮ್ಮದೇನು ಪಾಪ ಎಂದು ಇವರ ವಾದ. ಸುಳ್ಳು ಕಾಗದಕ್ಕೆ ಹೆಸರು ಕೊಟ್ಟದ್ದೇ ನಿರಾಕರಣೆ ಎಂದು ಸಿಪ್ರಿಯನ್ನರ ಉತ್ತರ. ಆದರೂ ತೂಕ ಬೇರೆ ಎಂಬುದನ್ನು ಅವರು ಒಪ್ಪಿದರು. ಚಿತ್ರಹಿಂಸೆಯನ್ನು ದಿನಗಟ್ಟಲೆ ತಡೆದುಕೊಂಡು ಕಡೆಗೆ ಸೋತವನನ್ನೂ, ಬೆದರಿಕೆಯ ಮೊದಲ ಮಾತಿಗೇ ಓಡಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ?

ಇಲ್ಲಿ ಇನ್ನೊಂದು ವಿಚಿತ್ರ ಸೇರಿಕೊಂಡಿತು. ಹಿಂಸೆ ಅನುಭವಿಸಿ ಸೆರೆಯಲ್ಲಿ ಕೊಳೆಯುತ್ತಿದ್ದ ದೃಢಭಕ್ತರಿಗೆ ಜನರಲ್ಲಿ ಅಪಾರ ಗೌರವವಿತ್ತು. ಬಿದ್ದವರು ಅವರ ಬಳಿಗೆ ಹೋಗಿ ಅತ್ತು ಕರೆದು ಶಿಫಾರಸು ಪತ್ರ ಪಡೆದರು. ಸೆರೆಯವರು ಧಾರಾಳಿಗಳು, ಇಂಥವನನ್ನು ಅವನ ಕಡೆಯವರೊಡನೆ ಸೇರಿಸಿಕೊಳ್ಳಿ ಎಂದು ಬರೆದುಕೊಟ್ಟರು. ಕಡೆಯವರೆಂದರೆ ಎಷ್ಟು ಜನ? ಇಪ್ಪತ್ತೇ, ಮೂವತ್ತೇ? ಹೆಸರಿಲ್ಲದ ಇಂಥ ಪತ್ರಗಳು ರಾಶಿಯಾಗಿ ಬರತೊಡಗಿದಾಗ ಸಿಪ್ರಿಯನ್ ಬೇಸತ್ತರು. ಮೊದಲು ದೇವತೆಗಳ ಚೀಟಿ, ಈಗ ಸಂತರ ಚೀಟಿ! ಸಿಪ್ರಿಯನ್ನರ ಆಕ್ಷೇಪದಲ್ಲಿ ಬಿಷಪರ ಅಧಿಕಾರದ ಅಭಿಮಾನವೂ ಸೇರಿತ್ತೆಂಬುದು ನಿಜ. ಆದರೆ ಅಷ್ಟೇ ಎಂದು ತಳ್ಳಿಹಾಕುವ ವಿಮರ್ಶಕರನ್ನು ನಾನು ಒಪ್ಪಲಾರೆ. ಗಾಯವನ್ನು ಬಿಚ್ಚಿ ತೊಳೆಯದೆ ಮೇಲೆ ಬಟ್ಟೆ ಸುತ್ತಿಬಿಡುವುದು ದಯೆಯಲ್ಲ, ಗಾಯಾಳುವಿಗೆ ಮಾಡುವ ಮೋಸ ಎಂಬುದು ಅವರ ಕಾಗದಗಳಲ್ಲಿ ಮತ್ತೆ ಮತ್ತೆ ಬರುವ ಚಿಂತೆ.

ಅತ್ತ ರೋಮಿನಲ್ಲಿ ನೊವೇಷಿಯನ್ ಎಂಬ ವಿದ್ವಾಂಸ ಬಾಗಿಲನ್ನು ಭದ್ರವಾಗಿ ಮುಚ್ಚಿದ. ಧರ್ಮವನ್ನು ಅಲ್ಲಗಳೆದವನು ಸಾಯುವ ತನಕ ಅಳಲಿ, ದೇವರು ಬೇಕಾದರೆ ಕ್ಷಮಿಸಲಿ. ಸಭೆಗೆ ಆ ಅಧಿಕಾರವಿಲ್ಲ. ಇದನ್ನು ಬರಿಯ ಹಟವೆಂದು ಭಾವಿಸಬಾರದು. ಪ್ರಾಣ ಕೊಟ್ಟವರ ಮಕ್ಕಳು ಚರ್ಚಿನಲ್ಲಿ ಕುಳಿತಿದ್ದಾರೆ. ಪಕ್ಕದಲ್ಲಿ ಧೂಪ ಹಾಕಿ ಮನೆಮಠ ಉಳಿಸಿಕೊಂಡವನು ಬಂದು ಕುಳಿತರೆ ಆ ಮಕ್ಕಳಿಗೆ ಏನು ಹೇಳುತ್ತೀರಿ? ಈ ಪ್ರಶ್ನೆಗೆ ಸುಲಭದ ಉತ್ತರ ಅಂದೂ ಇರಲಿಲ್ಲ.

ಸಿಪ್ರಿಯನ್ನರು 251ರಲ್ಲಿ ಆಫ್ರಿಕದ ಬಿಷಪರ ಸಭೆ ಕರೆದು ನಡುದಾರಿಯೊಂದನ್ನು ಕಂಡುಕೊಂಡರು. ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ವಿಚಾರಿಸಬೇಕು. ಚೀಟಿ ಕೊಂಡವರನ್ನು ತಕ್ಕ ಪಶ್ಚಾತ್ತಾಪದ ಮೇಲೆ ಸೇರಿಸಿಕೊಳ್ಳಬಹುದು. ಬಲಿ ಕೊಟ್ಟವರು ಪಶ್ಚಾತ್ತಾಪದಲ್ಲಿಯೇ ಇರಬೇಕು. ಮರಣ ಸಮೀಪಿಸಿದಾಗ ಅವರಿಗೆ ಸಮಾಧಾನ ಕೊಡಬೇಕು. ಆದರೆ ಒಂದೆರಡು ವರ್ಷಗಳಲ್ಲಿಯೇ ಮತ್ತೊಂದು ಹಿಂಸೆಯ ಸೂಚನೆ ಕಂಡಿತು. ಜೊತೆಗೆ ನಾಡಿನಲ್ಲೆಲ್ಲ ಮಹಾಮಾರಿ. ಆಗ 42 ಮಂದಿ ಬಿಷಪರು ಸೇರಿ, ಇದುವರೆಗೆ ಪಶ್ಚಾತ್ತಾಪದಲ್ಲಿ ನಿಂತಿದ್ದವರನ್ನೆಲ್ಲ ಕೂಡಲೇ ಒಳಗೆ ಕರೆದುಕೊಳ್ಳಲು ನಿಶ್ಚಯಿಸಿದರು. ಅದಕ್ಕೆ ಅವರು ಕೊಟ್ಟ ಕಾರಣವನ್ನು ಗಮನಿಸಬೇಕು. ಮುಂದಿನ ಪರೀಕ್ಷೆಯಲ್ಲಿ ರಕ್ತ ಸುರಿಸಬೇಕೆಂದು ಹೇಳುವ ಜನಕ್ಕೆ ಕ್ರಿಸ್ತನ ರಕ್ತದ ಪಾತ್ರೆಯನ್ನು ನಿರಾಕರಿಸಿ, ಬರಿಗೈಯಲ್ಲಿ ಯುದ್ಧಕ್ಕೆ ಕಳಿಸುವುದು ಹೇಗೆ ಎಂದು ಅವರ ವಾದ. ಬಿದ್ದವನು ಇನ್ನೊಮ್ಮೆ ನಿಲ್ಲಬಲ್ಲನೆಂಬ ನಂಬಿಕೆ ಇದರಲ್ಲಿದೆ. ಸಿಪ್ರಿಯನ್ನರಿಗೂ ಆ ಇನ್ನೊಂದು ಅವಕಾಶ ಬಂದಿತು. ವಲೇರಿಯನ್ ಚಕ್ರವರ್ತಿಯ ಕಾಲದಲ್ಲಿ, 258ರ ಸೆಪ್ಟೆಂಬರ್ 14ರಂದು, ಒಮ್ಮೆ ಊರು ಬಿಟ್ಟು ಹೋಗಿದ್ದ ಆ ಬಿಷಪರು ಕಾರ್ಥೇಜಿನ ಹೊರಗೆ ತಾವೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಖಡ್ಗಕ್ಕೆ ತಲೆಯೊಡ್ಡಿದರು.

ನೊವೇಷಿಯನ್ನನ ಪಂಥ ಮಾತ್ರ ಅಳಿಯಲಿಲ್ಲ. ಶತಮಾನಗಳ ಕಾಲ ಬಾಳಿತು. ಕಾನ್‌ಸ್ಟಂಟೈನ್ ಚಕ್ರವರ್ತಿ 325ರಲ್ಲಿ ನೈಸಿಯದಲ್ಲಿ ಮಹಾಸಭೆ ಸೇರಿಸಿದಾಗ ಆ ಪಂಥದ ಬಿಷಪ್ ಅಸೇಸಿಯಸ್ ಕೂಡ ಬಂದಿದ್ದನಂತೆ. ನಿಮ್ಮ ಸಿದ್ಧಾಂತವನ್ನೆಲ್ಲ ಒಪ್ಪುತ್ತೇನೆ, ಆದರೆ ಬಿದ್ದವರೊಡನೆ ಪಂಕ್ತಿಯಲ್ಲಿ ಕೂರಲಾರೆ ಎಂದನಂತೆ. ಹಾಗಾದರೆ ಏಣಿಯೊಂದನ್ನು ಹಾಕಿಕೊಂಡು ನೀನೊಬ್ಬನೇ ಸ್ವರ್ಗಕ್ಕೆ ಹತ್ತಪ್ಪ ಎಂದು ಚಕ್ರವರ್ತಿ ಹೇಳಿದನೆಂದು ಚರಿತ್ರಕಾರ ಸಾಕ್ರಟೀಸ್ ದಾಖಲಿಸಿದ್ದಾನೆ. ಈತ ತತ್ತ್ವಜ್ಞಾನಿ ಸಾಕ್ರಟೀಸನಲ್ಲ, ಐದನೆಯ ಶತಮಾನದವನು.

ಮುಂದಿನ ಒಂದೂವರೆ ಶತಮಾನದಲ್ಲಿ ಕ್ಷಮಾಯಾಚನೆ ಒಂದು ಸಾರ್ವಜನಿಕ ವಿಧಿಯ ರೂಪ ತಾಳಿತು. ಘೋರ ಪಾಪ ಮಾಡಿದವನು ಗೋಣಿಬಟ್ಟೆಯುಟ್ಟು, ತಲೆಗೆ ಬೂದಿ ಹಾಕಿಕೊಂಡು, ಚರ್ಚಿನಲ್ಲಿ ಬೇರೆಯಾಗಿ ನಿಲ್ಲಬೇಕು. ಪ್ರಭುಭೋಜನದಲ್ಲಿ ಪಾಲಿಲ್ಲ. ವರ್ಷಗಟ್ಟಲೆ ಉಪವಾಸ, ಪ್ರಾರ್ಥನೆ. ಕಡೆಗೆ ಬಿಷಪರು ತಲೆಯ ಮೇಲೆ ಕೈಯಿಟ್ಟು ಒಳಗೆ ಕರೆದುಕೊಳ್ಳುತ್ತಿದ್ದರು. ರೋಮಿನಲ್ಲಿ ಇದು ಈಸ್ಟರ್ ಹಬ್ಬಕ್ಕೆ ಮುಂಚಿನ ಗುರುವಾರ ನಡೆಯುತ್ತಿತ್ತು. ಜೀವಮಾನಕ್ಕೆ ಒಂದೇ ಸಲ. ಒಮ್ಮೆ ಈ ಸಾಲಿನಲ್ಲಿ ನಿಂತವನು ಆಮೇಲೆ ಮದುವೆಯಾಗಬಾರದು, ಸೈನ್ಯ ಸೇರಬಾರದು ಎಂಬ ಕಟ್ಟಳೆಗಳೂ ಬಂದವು.

ಈ ವಿಧಿಯ ಕ್ರೌರ್ಯವನ್ನು ಕುರಿತು ಮಾತನಾಡುವ ಮೊದಲು ಫಬಿಯೋಲ ಎಂಬ ಹೆಂಗಸಿನ ಕಥೆ ಹೇಳಬೇಕು. ಸಂತ ಜೆರೋಮ್ 399ರಲ್ಲಿ, ಆಕೆ ಸತ್ತ ಮೇಲೆ ಬರೆದ ಕಾಗದವೊಂದರಿಂದ ನಮಗೆ ಆಕೆಯ ವಿಷಯ ತಿಳಿಯುತ್ತದೆ. ರೋಮಿನ ಪ್ರಾಚೀನವಾದ ಫೇಬಿಯಸ್ ಮನೆತನದವಳು. ದುರಾಚಾರಿಯಾದ ಗಂಡನನ್ನು ಬಿಟ್ಟಳು. ರೋಮಿನ ಕಾನೂನು ಇದಕ್ಕೆ ಅಡ್ಡಿ ಹೇಳಲಿಲ್ಲ. ವಯಸ್ಸು ಚಿಕ್ಕದು, ಇನ್ನೊಂದು ಮದುವೆಯಾದಳು. ಮೊದಲ ಗಂಡ ಬದುಕಿರುವಾಗ ಇದು ಸಭೆಯ ನಿಯಮಕ್ಕೆ ವಿರುದ್ಧ. ಎರಡನೆಯ ಗಂಡ ತೀರಿಕೊಂಡ ಮೇಲೆ ಈಸ್ಟರಿನ ಹಿಂದಿನ ದಿನ, ಲ್ಯಾಟರನ್ ಚರ್ಚಿನಲ್ಲಿ, ರೋಮ್ ನಗರವೆಲ್ಲ ನೋಡುತ್ತಿದ್ದಂತೆ, ಆ ಶ್ರೀಮಂತ ಹೆಂಗಸು ಗೋಣಿಯುಟ್ಟು ತಲೆಗೂದಲು ಕೆದರಿ ಪಾಪಿಗಳ ಸಾಲಿನಲ್ಲಿ ನಿಂತಳು. ಬಿಷಪರೂ ಗುರುಗಳೂ ಜನರೂ ಆಕೆಯೊಡನೆ ಅತ್ತರೆಂದು ಜೆರೋಮ್ ಬರೆಯುತ್ತಾರೆ. ಒಳಗೆ ಬಂದ ಮೇಲೆ ಆಕೆ ಆಸ್ತಿಯನ್ನೆಲ್ಲ ಮಾರಿ ರೋಗಿಗಳಿಗಾಗಿ ಒಂದು ಆಸ್ಪತ್ರೆ ಕಟ್ಟಿಸಿದಳು. ಅಂಥ ಕೆಲಸದಲ್ಲಿ ಆಕೆಯೇ ಮೊದಲಿಗಳೆಂದು ಅವರ ಮಾತು. ಇತರರು ಕಣ್ಣೆತ್ತಿ ನೋಡಲೂ ಹೇಸುವ ಹುಣ್ಣುಗಳನ್ನು ತನ್ನ ಕೈಯಿಂದ ತೊಳೆದಳು, ರೋಗಿಗಳನ್ನು ತನ್ನ ಹೆಗಲ ಮೇಲೆ ಹೊತ್ತು ತಂದಳು. ಮೊದಲ ಗಂಡನಿಗೆ ಯಾವ ಪ್ರಾಯಶ್ಚಿತ್ತ ವಿಧಿಸಲಾಯಿತೋ ಜೆರೋಮ್ ಹೇಳುವುದಿಲ್ಲ. ಈ ಮಾತನ್ನು ಎತ್ತದೆ ಮುಂದೆ ಹೋಗಲು ನನಗೆ ಮನಸ್ಸು ಬರಲಿಲ್ಲ.

ಅದೇ ಕಾಲದಲ್ಲಿ ಇನ್ನೂ ದೊಡ್ಡ ಪಾಪಿಯೊಬ್ಬ ಇದೇ ಸಾಲಿಗೆ ಬಂದು ನಿಂತ. ಚಕ್ರವರ್ತಿ ಥಿಯೋಡೋಸಿಯಸ್. ಅವನ ಸೇನಾನಿ ಬುಥೆರಿಕ್ ಎಂಬವನು ಥೆಸಲೊನೀಕ ನಗರದಲ್ಲಿ ಜನಪ್ರಿಯ ಸಾರಥಿಯೊಬ್ಬನನ್ನು ಸೆರೆಗೆ ಹಾಕಿದ. ರಥದ ಪಂದ್ಯ ಬಂದಿತು; ಸಾರಥಿಯನ್ನು ಬಿಡಲಿಲ್ಲ; ಜನ ರೊಚ್ಚಿಗೆದ್ದು ಸೇನಾನಿಯನ್ನು ಕೊಂದರು. ಚಕ್ರವರ್ತಿ ಕೋಪದಲ್ಲಿ ನಗರದ ಮೇಲೆ ಸೈನಿಕರನ್ನು ಬಿಟ್ಟ. ಆಜ್ಞೆಯನ್ನು ಹಿಂತೆಗೆದುಕೊಂಡನಾದರೂ ಹೊತ್ತು ಮೀರಿತ್ತು. ಸತ್ತವರು 7,000 ಎಂದು ಮುಂದೆ ಥಿಯೊಡೊರೆಟ್ ಎಂಬ ಚರಿತ್ರಕಾರ ಬರೆದ. ಇದು ನಡೆದದ್ದು 390ರಲ್ಲಿ.

ಮಿಲಾನಿನ ಬಿಷಪ್ ಆಂಬ್ರೋಸರು ಚಕ್ರವರ್ತಿಯನ್ನು ಚರ್ಚಿನ ಬಾಗಿಲಲ್ಲಿ ಕೈ ಅಡ್ಡವಿಟ್ಟು ತಡೆದರೆಂಬುದು ಪ್ರಸಿದ್ಧವಾದ ಕಥೆ. ರೂಬೆನ್ಸ್ ಇದನ್ನು ದೊಡ್ಡ ಚಿತ್ರವಾಗಿ ಬರೆದಿದ್ದಾನೆ. ನಾಟಕಕ್ಕೆ ಹೇಳಿ ಮಾಡಿಸಿದ ಈ ದೃಶ್ಯ ಥಿಯೊಡೊರೆಟನ ಕಲ್ಪನೆಯೆಂದು ವಿದ್ವಾಂಸರ ಅಭಿಪ್ರಾಯ. ನಡೆದದ್ದು ಇದಕ್ಕಿಂತ ಮೌನವಾದುದು, ನನಗಂತೂ ಇದಕ್ಕಿಂತ ಹಿರಿದಾದುದು. ಚಕ್ರವರ್ತಿ ಬರುವ ಹೊತ್ತಿಗೆ ಆಂಬ್ರೋಸರು ಅನಾರೋಗ್ಯದ ಕಾರಣ ಹೇಳಿ ಊರಿನಿಂದ ಹೊರಗೆ ಹೋದರು. ಅಲ್ಲಿಂದ, ಲಿಪಿಕಾರನಿಗೆ ಹೇಳಿ ಬರೆಸದೆ, ಚಕ್ರವರ್ತಿಯೊಬ್ಬನೇ ಓದಲೆಂದು ತಮ್ಮ ಕೈಯಾರೆ ಒಂದು ಕಾಗದ ಬರೆದರು. ನೀನು ಬಂದು ನಿಂತರೆ ನಾನು ಪೂಜೆ ಅರ್ಪಿಸಲಾರೆ ಎಂಬುದು ಅದರ ಸಾರ. ಬೆದರಿಕೆಯ ದನಿಯಿಲ್ಲ. ತನ್ನ ದಂಡಾಳುವನ್ನು ಕೊಲ್ಲಿಸಿ ಅವನ ಹೆಂಡತಿಯನ್ನು ಅಪಹರಿಸಿದ ದಾವೀದ ರಾಜ, ಪ್ರವಾದಿ ನಾತಾನ ಎದುರು ನಿಂತಾಗ ಪಾಪವನ್ನು ಒಪ್ಪಿಕೊಂಡನಲ್ಲವೆ, ನೀನು ನಾಚಬೇಕಾದ್ದೇನು ಎಂದು ಕೇಳುತ್ತಾರೆ. ಥಿಯೋಡೋಸಿಯಸ್ ರಾಜಚಿಹ್ನೆಗಳನ್ನು ಕಳಚಿಟ್ಟು ಚರ್ಚಿನಲ್ಲಿ ಎಲ್ಲರೆದುರು ಅತ್ತ. ಆ ವರ್ಷದ ಕ್ರಿಸ್ಮಸ್ ಹೊತ್ತಿಗೆ ಅವನನ್ನು ಮತ್ತೆ ಪಂಕ್ತಿಗೆ ಸೇರಿಸಿಕೊಂಡರೆಂದು ಹೇಳುತ್ತಾರೆ. ಐದು ವರ್ಷಗಳ ಅನಂತರ ಅವನ ಅಂತ್ಯಸಂಸ್ಕಾರದ ಭಾಷಣದಲ್ಲಿ, ಆ ತಪ್ಪಿಗಾಗಿ ಅವನು ಮರುಗದ ದಿನವಿರಲಿಲ್ಲವೆಂದು ಆಂಬ್ರೋಸರು ನೆನೆದರು.

ರೋಮಿನ ಚಕ್ರವರ್ತಿಯೊಬ್ಬ ಪಾಪಿಗಳ ಸಾಲಿನಲ್ಲಿ ಸಾಮಾನ್ಯನಂತೆ ನಿಂತದ್ದು ಅಪೂರ್ವ ಸಂಗತಿ. ಆದರೂ ಒಂದು ಶಂಕೆ ಬಿಡದೆ ಕಾಡುತ್ತದೆ. ದೇವರೊಡನೆ ಅವನ ಸಂಬಂಧ ಮತ್ತೆ ಕೂಡಿತು, ಸಭೆಯೊಡನೆಯೂ ಕೂಡಿತು, ಥೆಸಲೊನೀಕದ ವಿಧವೆಯರೊಡನೆ? ಅವರನ್ನು ಯಾರಾದರೂ ಕೇಳಿದರೆಂದು ಬರೆದಿಟ್ಟ ಲೇಖವನ್ನು ನಾನು ಕಂಡಿಲ್ಲ. ಬಲಿಪೀಠಕ್ಕೆ ಕಾಣಿಕೆ ತರುವವನು ಮುನಿಸಿಕೊಂಡ ಸಹೋದರನ ನೆನಪಾದರೆ ಕಾಣಿಕೆಯನ್ನು ಅಲ್ಲಿಯೇ ಇಟ್ಟು, ಹೋಗಿ ಅವನೊಡನೆ ಒಂದಾಗಿ ಬರಬೇಕೆಂಬುದು ಕ್ರಿಸ್ತನ ಬೋಧನೆಯಲ್ಲಿಯೇ ಇರುವ ವಿಧಿ. ಇಷ್ಟು ಸ್ಪಷ್ಟವಾದ ಈ ವಿಧಿ ಪ್ರಾಯಶ್ಚಿತ್ತದ ಚರಿತ್ರೆಯಲ್ಲಿ ಎಷ್ಟೋ ಕಡೆ ಹಿಂದೆ ಸರಿದುಬಿಟ್ಟಿದೆ.

ಒಂದೇ ಸಲ ಸಿಗುವ ಔಷಧವನ್ನು ಜನ ಏನು ಮಾಡುತ್ತಾರೆ? ಕಡೆಯ ಗಳಿಗೆಗೆಂದು ಎತ್ತಿಡುತ್ತಾರೆ. ಹಾಗೆಯೇ ಆಯಿತು. ಕಾನ್‌ಸ್ಟಂಟೈನ್ ದೀಕ್ಷಾಸ್ನಾನವನ್ನೇ 337ರಲ್ಲಿ ಸಾಯುವ ಹಾಸಿಗೆಯ ತನಕ ಮುಂದೂಡಿದ್ದ. ಈಗ ಸಾಮಾನ್ಯ ಜನ ಪ್ರಾಯಶ್ಚಿತ್ತವನ್ನೂ ಹಾಗೆ ಮುಂದೂಡಿದರು. ಹರೆಯದವರಿಗೆ ಇದನ್ನು ಸುಲಭವಾಗಿ ಕೊಡಬೇಡಿ, ಅವರು ಉಳಿಸಿಕೊಳ್ಳಲಾರರು ಎಂದು 506ರಲ್ಲಿ ಗಾಲ್ ದೇಶದ ಆಗ್ದ್ ಎಂಬಲ್ಲಿ ಸೇರಿದ ಬಿಷಪರ ಸಭೆಯೇ ಎಚ್ಚರಿಸಿತು. ಅಲ್ಲಿಗೆ ಆ ವಿಧಿ ಬದುಕಿನಿಂದ ಹೊರಬಿದ್ದಂತಾಯಿತು.

ಸಾವಿನ ಹಾಸಿಗೆಯ ಮಾತು ಬಂದದ್ದರಿಂದ ಸಂತ ಆಗಸ್ಟೀನರ ಕೊನೆಯ ದಿನಗಳನ್ನು ನೆನೆಯಬೇಕು. 'ಕನ್ಫೆಷನ್ಸ್' ಎಂಬ ಅವರ ಆತ್ಮಕಥೆಯ ಹೆಸರು ಸಾಹಿತ್ಯಪ್ರಿಯರಿಗೆ ಪರಿಚಿತ. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಎರಡು ಮುಖ: ತಪ್ಪನ್ನು ಒಪ್ಪಿಕೊಳ್ಳುವುದೂ ಅದೇ, ದೇವರನ್ನು ಕೊಂಡಾಡುವುದೂ ಅದೇ. ಹಿಪ್ಪೋ ನಗರವನ್ನು ವ್ಯಾಂಡಲರು ಮುತ್ತಿದ್ದಾಗ, 430ರಲ್ಲಿ, ಅವರು ಜ್ವರದಿಂದ ಮಲಗಿದರು. ದಾವೀದನ ಪಶ್ಚಾತ್ತಾಪದ ಕೀರ್ತನೆಗಳನ್ನು ಹಾಳೆಗಳಲ್ಲಿ ಬರೆಸಿ, ಹಾಸಿಗೆಯಿಂದ ಕಾಣುವಂತೆ ಗೋಡೆಗೆ ಅಂಟಿಸಿಕೊಂಡರು. ಸಾಯುವ ಮುನ್ನ ಸುಮಾರು ಹತ್ತು ದಿನ, ವೈದ್ಯರು ಬರುವ ಮತ್ತು ಊಟ ತರುವ ಹೊತ್ತಿನ ಹೊರತು ಯಾರೂ ಒಳಗೆ ಬರಬಾರದೆಂದು ಹೇಳಿ, ಗೋಡೆಯನ್ನು ಓದುತ್ತ ಕಣ್ಣೀರಿಡುತ್ತ ಇದ್ದರೆಂದು ಅವರ ಶಿಷ್ಯ ಪೊಸಿಡಿಯಸ್ ಬರೆದಿದ್ದಾನೆ. ನಲವತ್ತು ವರ್ಷ ಇತರರಿಗೆ ಕ್ಷಮೆಯನ್ನು ಬೋಧಿಸಿದವರು.

ಬದಲಾವಣೆ ಬಂದದ್ದು ಯಾರೂ ನಿರೀಕ್ಷಿಸದ ದಿಕ್ಕಿನಿಂದ. ರೋಮಿನ ಸಾಮ್ರಾಜ್ಯ ಎಂದೂ ಕಾಲಿಡದ ಐರ್ಲೆಂಡಿನ ಮಠಗಳಲ್ಲಿ ಬೇರೊಂದು ರೂಢಿ ಬೆಳೆದಿತ್ತು. ಸಂನ್ಯಾಸಿ ತನ್ನ ಮನಸ್ಸನ್ನು ಒಬ್ಬ 'ಆತ್ಮಮಿತ್ರ'ನ ಮುಂದೆ ಗುಟ್ಟಾಗಿ ತೋಡಿಕೊಳ್ಳುತ್ತಿದ್ದ. ಎಷ್ಟು ಸಲ ಬಿದ್ದರೆ ಅಷ್ಟು ಸಲ. ಕೊಲಂಬಾನಸ್ ಎಂಬ ಐರಿಷ್ ಸಂನ್ಯಾಸಿ ಸುಮಾರು 590ರಲ್ಲಿ ಗಾಲ್ ದೇಶಕ್ಕೆ ಬಂದು ಈ ಪದ್ಧತಿಯನ್ನು ಹರಡಿದ. ಪಾಪ ಮಾಡಿದಾಗಲೆಲ್ಲ ಪ್ರಾಯಶ್ಚಿತ್ತ ಬೇಡುವ ರೂಢಿಯನ್ನು 589ರಲ್ಲಿಯೇ ಸ್ಪೇನಿನ ತೊಲೇದೊ ಸಭೆ ಖಂಡಿಸಿತ್ತು. ಖಂಡನೆ ನಿಲ್ಲಲಿಲ್ಲ, ರೂಢಿ ನಿಂತಿತು. ಜನಕ್ಕೆ ಬೇಕಾಗಿದ್ದುದು ಇದೇ.

ಈ ಮಠಗಳಲ್ಲಿ ಪ್ರಾಯಶ್ಚಿತ್ತದ ಕೈಪಿಡಿಗಳು ಹುಟ್ಟಿದವು. ನಮ್ಮ ಧರ್ಮಶಾಸ್ತ್ರಗಳ ಪ್ರಾಯಶ್ಚಿತ್ತಕಾಂಡಗಳನ್ನು ಓದಿದವರಿಗೆ ಅವುಗಳ ವಾತಾವರಣ ಹೊಸದೆನಿಸುವುದಿಲ್ಲ. ರೋಗಕ್ಕೆ ವಿರುದ್ಧ ಗುಣದ ಮದ್ದು ಎಂಬುದು ಅವುಗಳ ಸೂತ್ರ: ವಾಚಾಳಿಗೆ ಮೌನ, ಹೊಟ್ಟೆಬಾಕನಿಗೆ ಉಪವಾಸ, ನಿದ್ದೆಗೇಡಿಗೆ ಜಾಗರಣೆ. ವಿವೇಕವೂ ಕರುಣೆಯೂ ಇರುವ ಕ್ರಮ. ಆದರೆ ಪಟ್ಟಿ ಬಂದಮೇಲೆ ವಿನಿಮಯದ ದರವೂ ಬರುತ್ತದೆ. ಇಷ್ಟು ದಿನದ ಉಪವಾಸಕ್ಕೆ ಬದಲು ಇಷ್ಟು ಕೀರ್ತನೆ, ಇಷ್ಟು ಕೀರ್ತನೆಗೆ ಬದಲು ಇಷ್ಟು ಹಣ. ಹತ್ತನೆಯ ಶತಮಾನದ ಇಂಗ್ಲೆಂಡಿನ ಒಂದು ಬರಹದಲ್ಲಿ ಸಿರಿವಂತನಿಗೆ ಏಳು ವರ್ಷದ ಉಪವಾಸವನ್ನು ಬೇಗ ಮುಗಿಸುವ ಉಪಾಯ ಹೇಳಿದೆ. ಮೊದಲು 12 ಮಂದಿಯನ್ನು ಕೂಡಿಸಿಕೊಂಡು ಮೂರು ದಿನ ರೊಟ್ಟಿ, ನೀರು, ಸೊಪ್ಪಿನಲ್ಲಿ ಇರಿಸಬೇಕು. ಆಮೇಲೆ 120ರಂತೆ ಏಳು ತಂಡಗಳನ್ನು ಹೇಗಾದರೂ ಹೊಂದಿಸಿ ಮೂರು ಮೂರು ದಿನ ಉಪವಾಸ ಇರಿಸಬೇಕು. ನಾನು ಲೆಕ್ಕ ಹಾಕಿ ನೋಡಿದೆ: 36ಕ್ಕೆ 2,520 ಕೂಡಿಸಿದರೆ 2,556. ಏಳು ವರ್ಷಕ್ಕೆ ಒಂದು ದಿನ ಹೆಚ್ಚೇ ಆಯಿತು. ಅಧಿಕವರ್ಷದ ದಿನವನ್ನೂ ಬಿಟ್ಟಿಲ್ಲ! ಹೀಗೆ ಹಸಿದ 852 ಹೊಟ್ಟೆಗಳಲ್ಲಿ ಪಾಪ ಯಾರದೆಂದು ಕೇಳುವವರು ಅಂದೂ ಇದ್ದರು. ಫ್ರಾನ್ಸಿನಲ್ಲಿ 829ರ ಪ್ಯಾರಿಸ್ ಸಭೆ ಇಂಥ ಕೈಪಿಡಿಗಳನ್ನು ಹುಡುಕಿ ಸುಡಬೇಕೆಂದಿತ್ತು.

ನಾಲ್ಕನೆಯ ಲ್ಯಾಟರನ್ ಮಹಾಸಭೆ 1215ರಲ್ಲಿ ಸೇರಿ, ತಿಳಿವಳಿಕೆ ಬಂದ ಪ್ರತಿಯೊಬ್ಬ ಹೆಣ್ಣೂ ಗಂಡೂ ವರ್ಷಕ್ಕೆ ಒಮ್ಮೆಯಾದರೂ ತಮ್ಮ ಗುರುವಿನ ಬಳಿ ಪಾಪನಿವೇದನೆ ಮಾಡಬೇಕೆಂದು ವಿಧಿಸಿತು. ಗುರು ನುರಿತ ವೈದ್ಯನಂತೆ ವಿಚಾರಿಸಬೇಕು. ಕೇಳಿದ್ದನ್ನು ಹೊರಗೆ ಬಿಟ್ಟರೆ ಅವನ ಪದವಿ ಹೋಗಿ ಜೀವಾವಧಿ ಮಠದಲ್ಲಿ ಪ್ರಾಯಶ್ಚಿತ್ತ. ಯೂರೋಪಿನ ಒಂದೊಂದು ಹಳ್ಳಿಯ ರೈತನೂ ವರ್ಷಕ್ಕೊಮ್ಮೆ ತನ್ನ ಒಳಗನ್ನು ತಾನೇ ಕೆದಕಿ ಮಾತಿನಲ್ಲಿ ಇಡಬೇಕಾಯಿತು. ಮುಂದಿನ ಕಾಲದ ಆತ್ಮಕಥೆಗೂ ಕಾದಂಬರಿಗೂ ಈ ಅಭ್ಯಾಸ ನೆಲ ಹದಮಾಡಿತೆಂದು ಹೇಳುವವರುಂಟು; ಅದರಲ್ಲಿ ಹುರುಳಿಲ್ಲದಿಲ್ಲ.

ದರಪಟ್ಟಿಯ ಬುದ್ಧಿ ಮಾತ್ರ ಸಾಯಲಿಲ್ಲ. ಪಾಪದ ದೋಷ ಕ್ಷಮೆಯಿಂದ ಹೋದರೂ ಅದರ ಶಿಕ್ಷೆ ಉಳಿಯುತ್ತದೆ. ಆ ಶಿಕ್ಷೆಯನ್ನು ಸಭೆ ಮನ್ನಾ ಮಾಡಬಹುದು ಎಂಬ ವಾದದ ಮೇಲೆ ದಂಡಮುಕ್ತಿಯ ಪದ್ಧತಿ ಬೆಳೆಯಿತು. ಪೋಪ್ ನಾಲ್ಕನೆಯ ಸಿಕ್ಸ್ಟಸ್ 1476ರಲ್ಲಿ ಅದನ್ನು ಸತ್ತವರಿಗೂ ವಿಸ್ತರಿಸಿದರು. ಜರ್ಮನಿಯಲ್ಲಿ 1517ರಲ್ಲಿ ಟೆಟ್ಜೆಲ್ ಮಾರಿದ ಪತ್ರಗಳ ಹಣದಲ್ಲಿ ಅರ್ಧ ರೋಮಿನ ಸಂತ ಪೇತ್ರರ ಚರ್ಚಿನ ಕಟ್ಟಡಕ್ಕೆ, ಅರ್ಧ ಮೈನ್ಸಿನ ಆರ್ಚ್‌ಬಿಷಪರು ಫುಗ್ಗರ್ ಸಾಹುಕಾರರಿಗೆ ಕೊಡಬೇಕಾಗಿದ್ದ ಸಾಲಕ್ಕೆ. ಕಾರ್ಥೇಜಿನ ಚೀಟಿಗಳು ಮತ್ತೆ ಬಂದಿದ್ದವು, ಈ ಸಲ ಬೆಲೆ ಕಟ್ಟಿಸಿಕೊಂಡು.

ಮಾರ್ಟಿನ್ ಲೂಥರ್ ಆ ವರ್ಷದ ಅಕ್ಟೋಬರ್ 31ರಂದು ತನ್ನ 95 ಪ್ರಮೇಯಗಳನ್ನು ಅದೇ ಆರ್ಚ್‌ಬಿಷಪರಿಗೆ ಕಳಿಸಿದ. ಚರ್ಚಿನ ಬಾಗಿಲಿಗೆ ಮೊಳೆ ಹೊಡೆದನೋ ಇಲ್ಲವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅದು ಮುಖ್ಯವೂ ಅಲ್ಲ. ಮುಖ್ಯವಾದದ್ದು ಮೊದಲನೆಯ ಪ್ರಮೇಯ. ಅದರಲ್ಲಿ ಹಣದ ಮಾತಿಲ್ಲ, ಪೋಪರ ಮಾತಿಲ್ಲ. ಒಂದು ಪದದ ಅರ್ಥದ ಮಾತು ಇದೆ. ಗ್ರೀಕಿನ ಮೆಟನೋಯಿಯವನ್ನು ಲ್ಯಾಟಿನ್ ಬೈಬಲ್ಲು 'ಪ್ರಾಯಶ್ಚಿತ್ತ ಮಾಡಿರಿ' ಎಂಬ ಅರ್ಥ ಬರುವಂತೆ ಅನುವಾದಿಸಿತ್ತು. ಮಾಡಿ ಮುಗಿಸಬಹುದಾದ ಕೆಲಸದಂತೆ ಅದು ಕಿವಿಗೆ ಬೀಳುತ್ತಿತ್ತು. ಇಟಲಿಯ ವಿದ್ವಾಂಸ ವಾಲ ಇದನ್ನು ಮೊದಲೇ ಆಕ್ಷೇಪಿಸಿದ್ದ. ಎರಾಸ್ಮಸ್ 1516ರಲ್ಲಿ ಗ್ರೀಕ್ ಮೂಲವನ್ನೇ ಅಚ್ಚುಮಾಡಿಸಿದ್ದ. ಅದು ವಿಧಿಯ ಹೆಸರಲ್ಲ, ವಿಶ್ವಾಸಿಯ ಇಡೀ ಬಾಳಿಗೆ ಅನ್ವಯಿಸುವ ಮಾತು ಎಂದು ಲೂಥರ್ ಹೇಳಿದ. ಒಂದು ಕ್ರಿಯಾಪದದ ಅನುವಾದದಿಂದ ಒಂದು ಖಂಡವೇ ಇಬ್ಭಾಗವಾಯಿತೆಂದರೆ ಉತ್ಪ್ರೇಕ್ಷೆಯಾದೀತು. ಆದರೆ ಪದಗಳನ್ನು ಹಗುರವಾಗಿ ಕಾಣುವವರು ಈ ಪ್ರಸಂಗವನ್ನು ನೆನಪಿಡಬೇಕು. ಲೂಥರ್ ಸಂನ್ಯಾಸಿಯಾಗಿದ್ದಾಗ ಗಂಟೆಗಟ್ಟಲೆ ಪಾಪನಿವೇದನೆ ಮಾಡಿ ಗುರುವನ್ನು ದಣಿಸಿದವನು. ಆಮೇಲೆ ಅದನ್ನು ಕಡ್ಡಾಯವೆನ್ನಲಿಲ್ಲ, ಬಿಡಲೂ ಇಲ್ಲ. ವಿಟೆನ್‌ಬರ್ಗಿನ ಪಾದ್ರಿ ಬೂಗೆನ್‌ಹಾಗೆನ್ನರ ಬಳಿ ಕಡೆಯ ತನಕ ಹೋಗುತ್ತಿದ್ದ.

ಕ್ಯಾಥೊಲಿಕರು 1551ರಲ್ಲಿ ಟ್ರೆಂಟ್ ಸಭೆಯಲ್ಲಿ ಪಾಪನಿವೇದನೆಯನ್ನು ಸಂಸ್ಕಾರವೆಂದು ಮತ್ತೆ ಸಾರಿದರು; ಸಂತ ಚಾರ್ಲ್ಸ್ ಬೊರೋಮಿಯೋ ಮಿಲಾನಿನಲ್ಲಿ ನಡುವೆ ಜಾಲರಿಯಿರುವ ಪೀಠವನ್ನು ಬಳಕೆಗೆ ತಂದರು. ರೋಮಿನ ಧರ್ಮಸಭೆ 1973ರಲ್ಲಿ ಈ ವಿಧಿಯನ್ನು ಪರಿಷ್ಕರಿಸಿದಾಗ 'ಮತ್ತೆ ಒಂದಾಗುವುದು' ಎಂಬ ಅರ್ಥದ ಪದಕ್ಕೆ ಅದರಲ್ಲಿ ದೊಡ್ಡ ಸ್ಥಾನ ಕೊಟ್ಟಿತು.

ಕನ್ನಡದಲ್ಲಿ ಇಡೀ ಬೈಬಲ್ 1831ರಲ್ಲಿ ಬಳ್ಳಾರಿಯಲ್ಲಿ ಅಚ್ಚಾಯಿತು. ಅಂದಿನಿಂದ ನಮ್ಮ ಅನುವಾದಕರೂ ಆ ಹಳೆಯ ಗ್ರೀಕ್ ಪದದೊಡನೆ ಸೆಣಸುತ್ತಲೇ ಬಂದಿದ್ದಾರೆ. ಇಂದು ಕೈಗೆ ಸಿಗುವ ಕನ್ನಡ ಬೈಬಲ್ಲುಗಳಲ್ಲಿ ಒಂದು ಕಡೆ 'ಮಾನಸಾಂತರ' ಎಂದಿದೆ, ಇದು ಗ್ರೀಕಿಗೆ ಹತ್ತಿರ; ಇನ್ನೊಂದು ಕಡೆ 'ಪಶ್ಚಾತ್ತಾಪ', ಇದರಲ್ಲಿ ಬೇಯುವ ಬಿಸಿಯಿದೆ; ಮತ್ತೊಂದು ಕಡೆ 'ತಿರುಗಿಕೊಳ್ಳು' ಎಂಬ ಅಚ್ಚಗನ್ನಡದ ಮಾತಿದೆ. ಈ ಕೊನೆಯದರಲ್ಲಿ ಹೀಬ್ರೂ ಪ್ರವಾದಿಗಳ ದನಿ ಗ್ರೀಕನ್ನೂ ಲ್ಯಾಟಿನ್ನನ್ನೂ ದಾಟಿ ನೇರವಾಗಿ ಕೇಳಿಸುತ್ತದೆ. ಮಂಗಳೂರಿನ ಕಡೆಯ ಕೊಂಕಣಿ ಕ್ಯಾಥೊಲಿಕರ ಬಾಯಲ್ಲಿ ಪೋರ್ಚುಗೀಸಿನಿಂದ ಬಂದ 'ಕುಮ್ಸಾರ್' ಎಂಬ ಮಾತು ನಿಂತಿದೆ. ಕನ್ನಡದ ಚರ್ಚುಗಳು 'ಪಾಪನಿವೇದನೆ' ಎನ್ನುತ್ತವೆ. ನಿವೇದನೆ ಎಂದರೆ ಅರಿಕೆ ಮಾಡಿಕೊಳ್ಳುವುದೂ ಹೌದು, ದೇವರ ಮುಂದೆ ಎಡೆಯಿಡುವುದೂ ಹೌದು. ಈ ಪದವನ್ನು ಮೊದಲು ಬಳಸಿದವರು ಆಗಸ್ಟೀನರ ಪುಸ್ತಕದ ಹೆಸರಿನ ಎರಡು ಮುಖಗಳನ್ನು ಬಲ್ಲವರಾಗಿದ್ದರೋ, ಅಥವಾ ಕನ್ನಡವೇ ತಾನಾಗಿ ಅದನ್ನು ಒದಗಿಸಿತೋ.